ರಾಜಣ್ಣನ ಬದು, ಬೆಲ್ಜಿಯಂನ ಕಲ್ಲು

ಭಾನುವಾರ ಸಂಜೆ ನಮ್ಮ ಜಗಲಿಗೆ ಬಂದು ಕೂತಾಗಲೇ ರಾಜಣ್ಣನ ಮುಖ ಊದಿತ್ತು. ದಾಯಾದಿ ಮತ್ತೆ ಬದು ಒತ್ತಿದ್ದಾನಂತೆ. ಎರಡು ಸಾಲು ರಾಗಿ ಬಿತ್ತುವಷ್ಟು.

"ಬಾಂದುಕಲ್ಲೇ ಕಾಣ್ತಿಲ್ಲ ಕಣೋ. ಬರೀ ಗುಂಡಿ ಉಳಿದಿದೆ."

"ಕಲ್ಲಿಗೂ ಕಾಲು ಬರುತ್ತೆ ಬಿಡಣ್ಣ," ಅಂದ ಸೀನ. "ಬೆಲ್ಜಿಯಂನಲ್ಲೂ ಬಂದಿತ್ತು."

ಸೀನನಿಗೆ ನಕ್ಷೆಯ ಹುಚ್ಚು. ಊಟಕ್ಕೆ ಕೂತರೂ ಮೊಬೈಲಲ್ಲಿ ಯಾವುದೋ ದೇಶದ ಗಡಿಯನ್ನು ಬೆರಳಲ್ಲಿ ಹಿಗ್ಗಿಸಿ ನೋಡುತ್ತಿರುತ್ತಾನೆ. ಅವನು ಹೇಳಿದ ಕತೆ 2021ರದ್ದು. ಬೆಲ್ಜಿಯಂನ ಒಬ್ಬ ರೈತನ ಟ್ರಾಕ್ಟರಿಗೆ ಒಂದು ಕಲ್ಲು ಅಡ್ಡ ಬರುತ್ತಿತ್ತು. ಕಿತ್ತು ಆಚೆ ಇಟ್ಟ. ಅದು 1819ರ ಗಡಿಕಲ್ಲು. ಆಚೆ ಅಂದರೆ ಫ್ರಾನ್ಸ್! ಬೆಲ್ಜಿಯಂ ಸುಮ್ನೆ 2.29 ಮೀಟರ್ ಮುಂದೆ ಹೋಯಿತು.

"ಆಮೇಲೆ? ಕುಡುಗೋಲು ಹಿಡಿದ್ರಾ?"

"ಎರಡೂ ಊರಿನ ಮೇಯರ್‌ಗಳು ನಕ್ಕರು. ಕಲ್ಲು ವಾಪಸ್ ಇಡಪ್ಪ ಅಂದರು. ಇಡದಿದ್ದರೆ 1930ರಿಂದ ಮಲಗಿರೋ ಗಡಿ ಆಯೋಗವನ್ನು ಎಬ್ಬಿಸಬೇಕಿತ್ತು."

"1930ರಿಂದಲಾ? ನನ್ನ ಪೋಡಿ ಅರ್ಜಿಯೇ ವಾಸಿ," ಅಂದ ರಾಜಣ್ಣ. ಸ್ವಲ್ಪ ಸಮಾಧಾನ ಆದ ಹಾಗಿತ್ತು.

ಸೀನ ಬಿಡಲಿಲ್ಲ. ನೆದರ್‌ಲ್ಯಾಂಡ್ಸ್ ಒಳಗೆ ಬಾರ್ಲೆ ಅಂತ ಒಂದು ಊರು. ಅಲ್ಲಿ ಬೆಲ್ಜಿಯಂನ 22 ತುಂಡುಗಳು ಚೆಲ್ಲಾಡಿವೆ. ಕೆಲವು ಮನೆಗಳನ್ನೇ ಸೀಳಿಕೊಂಡು ಗಡಿ ಹೋಗಿದೆ. ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು. ತೆರಿಗೆ ಜಾಸ್ತಿ ಅನ್ನಿಸಿದರೆ ಬಾಗಿಲು ಪಕ್ಕಕ್ಕೆ ಸರಿಸುತ್ತಿದ್ದರಂತೆ.

"ನಾವು ವಾಸ್ತು ಅಂತ ತಿರುಗಿಸ್ತೀವಿ, ಅವರು ಟ್ಯಾಕ್ಸ್ ಅಂತ," ಅಂದೆ ನಾನು. ಕೊರೊನಾ ಕಾಲದಲ್ಲಿ ಅಲ್ಲಿನ ಒಂದು ಬಟ್ಟೆ ಅಂಗಡಿಯ ಬೆಲ್ಜಿಯಂ ಭಾಗಕ್ಕೆ ಪಟ್ಟಿ ಕಟ್ಟಿದ್ದರು, ಡಚ್ ಭಾಗದಲ್ಲಿ ವ್ಯಾಪಾರ ನಡೆದಿತ್ತು. ಲಂಗ ಸಿಗುತ್ತೆ, ಬ್ಲೌಸ್ ಸಿಗಲ್ಲ ಅನ್ನೋ ಥರ.

ಅಷ್ಟರಲ್ಲಿ ಕಾಫಿ, ಹುರಿದ ಕಡಲೆಬೀಜ ಬಂತು. ರಾಜಣ್ಣ ಒಂದು ಗುಟುಕು ಕುಡಿಯೋದಕ್ಕೂ ಕಾಯದೆ ಸೀನ ತನ್ನ ಲೋಟ ಖಾಲಿ ಮಾಡಿ ತಟ್ಟೆ ಎಳೆದುಕೊಂಡ.

"ಈ ತಟ್ಟೆ ಬಾಂಗ್ಲಾದೇಶ. ಅದರೊಳಗೆ ಈ ಡಬರಿ, ಇದು ಭಾರತ. ಡಬರಿಯೊಳಗೆ ಲೋಟ, ಅದು ಬಾಂಗ್ಲಾದೇಶ. ಈಗ ನೋಡಿ." ಲೋಟಕ್ಕೆ ಒಂದು ಕಡಲೆಬೀಜ ಹಾಕಿದ. ಟಿಣ್ ಅಂತು. "ಇದು ಮತ್ತೆ ಭಾರತ. ದಹಲಾ ಖಗ್ರಾಬಾರಿ. ಏಳು ಸಾವಿರ ಚದರ ಮೀಟರಿನ ಒಂದು ಸೆಣಬಿನ ಹೊಲ."

ರಾಜಣ್ಣ ಲೋಟದೊಳಗೆ ಇಣುಕಿದ. "ಒಂದು ಮುಕ್ಕಾಲು ಎಕರೆ. ಇದಕ್ಕೆ ಚಕ್ಕುಬಂದಿ ಹೆಂಗಪ್ಪಾ ಬರೀತಾರೆ?"

"ನಾಲ್ಕು ದಿಕ್ಕಿಗೂ ಪರದೇಶ ಅಂತ."

ಬಾಂಗ್ಲಾ ಗಡಿಗೆ ಅಂಟಿಕೊಂಡ ಕೂಚ್ ಬೆಹಾರಿನ ರಾಜ ಚದುರಂಗದ ಪಣಕ್ಕೆ ಹಳ್ಳಿಗಳನ್ನಿಟ್ಟು ಸೋತಿದ್ದರಿಂದ ಹೀಗಾಯಿತು ಅಂತ ಜನ ಹೇಳುತ್ತಾರೆ. ಧರ್ಮರಾಯನ ಸಂತತಿ ಅನ್ನಬೇಕು. ನಿಜಕ್ಕೆ ಮೊಘಲರ ಜೊತೆಗಿನ ಹಳೇ ಒಪ್ಪಂದದ ಪಳೆಯುಳಿಕೆ ಅದು. ಆದರೆ ಗಡಿಯ ಇಂಥ ತುಂಡುಗಳಲ್ಲಿದ್ದವರಿಗೆ ತಮಾಷೆಯಾಗಿರಲಿಲ್ಲ. ವೋಟಿಲ್ಲ, ಕರೆಂಟಿಲ್ಲ. ಸಂತೆಗೆ ಹೋಗಬೇಕಾದರೂ ಕಳ್ಳರ ಹಾಗೆ ಗಡಿ ದಾಟಬೇಕು.

"ಪರಿಹಾರ ಏನಾಯ್ತು?"

"2015ರ ಜುಲೈ 31ರ ಮಧ್ಯರಾತ್ರಿ ನಮ್ಮ 111 ತುಂಡು ಬಾಂಗ್ಲಾಕ್ಕೆ, ಅವರ 51 ನಮಗೆ. ಈ ಹೊಲ…" ಸೀನ ಲೋಟ ಬಗ್ಗಿಸಿ ಕಡಲೆಬೀಜ ಬಾಯಿಗೆ ಹಾಕಿಕೊಂಡ.

"ಎಲ್ಲರೂ ನಂದು ನಂದು ಅಂತಾರಲ್ಲ, ಬೇಡ ಅನ್ನೋರೇ ಇಲ್ವಾ?" ಅಂದ ರಾಜಣ್ಣ.

ಇದ್ದಾರೆ. ಈಜಿಪ್ಟ್ ಮತ್ತು ಸುಡಾನ್ ನಡುವೆ ಬೀರ್ ತಾವಿಲ್ ಅಂತ 2,060 ಚದರ ಕಿಲೋಮೀಟರ್ ಮರುಭೂಮಿ. 1899ರಲ್ಲಿ ಬ್ರಿಟಿಷರು ಒಂದು ನೇರ ಗೆರೆ ಎಳೆದರು, 1902ರಲ್ಲಿ ಇನ್ನೊಂದು ಸೊಟ್ಟ ಗೆರೆ. ಪಕ್ಕದಲ್ಲೇ ಕೆಂಪು ಸಮುದ್ರದ ದಂಡೆಯ ಹಲಾಯಿಬ್ ಇದೆ. ಒಂದೊಂದು ದೇಶವೂ ತನಗೆ ಹಲಾಯಿಬ್ ಕೊಡೋ ಗೆರೆಯನ್ನೇ ಹಿಡಿದಿದೆ; ಬೀರ್ ತಾವಿಲ್ ನಂದು ಅಂದರೆ ಹಲಾಯಿಬ್ ಬಿಡಬೇಕು. ಅದಕ್ಕೆ ಇಬ್ಬರೂ ಬೇಡ ಅಂತಾರೆ. 2017ರಲ್ಲಿ ಇಂದೋರಿನ ಒಬ್ಬ ಹೋಗಿ, ಬೀಜ ಹಾಕಿ ನೀರೆರೆದು, ನಾನೇ ರಾಜ ಅಂತ ಘೋಷಿಸಿಕೊಂಡು ಬಂದ.

"ಬಗರ್ ಹುಕುಂ!" ರಾಜಣ್ಣನ ಕಣ್ಣು ಅರಳಿತು. "ಬೋರ್ ಹೊಡೆದರೆ ನೀರು ಬರುತ್ತಾ?"

"ಬೀರ್ ಅಂದರೇ ಬಾವಿ ಅಣ್ಣ, ಅರಬ್ಬಿಯಲ್ಲಿ."

ರಾಜಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. "ನಮ್ಮೂರ ಹೆಸರಲ್ಲೂ ಕೆರೆ ಇದೆ."