ಅಮ್ಮ ತಿಂದ ವಿಷದ ಎಣ್ಣೆ ಮಕ್ಕಳಿಗೂ ತಟ್ಟುತ್ತದಾ?

ಪ್ರಶ್ನೆ: 1968ರಲ್ಲಿ ಪಶ್ಚಿಮ ಜಪಾನಿನಲ್ಲಿ ಅಕ್ಕಿ ತೌಡಿನ ಎಣ್ಣೆಗೆ ಪಿಸಿಬಿ ಎಂಬ ವಿಷಕಾರಿ ಕೈಗಾರಿಕಾ ರಾಸಾಯನಿಕ ಸೇರಿ ಸಾವಿರಾರು ಜನ ಕಾಯಿಲೆ ಬಿದ್ದರಲ್ವಾ, ಯುಶೋ ಅಂತಾರೆ. ಆ ಎಣ್ಣೆ ತಿನ್ನದ ಮಕ್ಕಳಿಗೂ ತೊಂದರೆಯಂತೆ. ಹೇಗೆ? ಜೀನ್ ಕೆಟ್ಟುಹೋಗುತ್ತದಾ?

ಉತ್ತರ 1: ಜೀನ್ ಕೆಡಲೇಬೇಕು ಅಂತೇನಿಲ್ಲ. ಕಾರ್ಖಾನೆಯಲ್ಲಿ ಎಣ್ಣೆಯ ವಾಸನೆ ತೆಗೆಯಲು ಬಿಸಿ ಮಾಡುವ ಕೊಳವೆಯೊಳಗೆ ಪಿಸಿಬಿ ಹರಿಯುತ್ತಿತ್ತು, ಅದು ಸೋರಿತು. ಕಾದು ಕಾದು ಅದರಲ್ಲಿ ಫ್ಯೂರಾನ್ ಎಂಬ ಇನ್ನೂ ಕೆಟ್ಟ ವಿಷವೂ ಹುಟ್ಟಿತ್ತು. ಇವೆಲ್ಲ ಮೈಕೊಬ್ಬಿನಲ್ಲಿ ಕೂತರೆ ವರ್ಷಗಟ್ಟಲೆ ಹೋಗುವುದಿಲ್ಲ, ಬಸುರಿನಲ್ಲಿ ರಕ್ತದ ಮೂಲಕ, ಆಮೇಲೆ ಎದೆಹಾಲಿನ ಮೂಲಕ ಮಗುವಿಗೆ ದಾಟುತ್ತವೆ. ಕೆಲವು ಕೂಸುಗಳು ಕಪ್ಪುಗಟ್ಟಿದ ಚರ್ಮದೊಂದಿಗೇ ಹುಟ್ಟಿದವು. ಪಾಪ, ಆ ತಾಯಂದಿರದ್ದು ಏನು ತಪ್ಪು?

ಉತ್ತರ 2: 1979ರಲ್ಲಿ ತೈವಾನಿನಲ್ಲೂ ಇದೇ ಆಯಿತು. ಘಟನೆಯಾಗಿ ವರ್ಷಗಳಾದ ಮೇಲೆ ಹುಟ್ಟಿದ ಮಕ್ಕಳಲ್ಲೂ ಬುದ್ಧಿ ಬೆಳವಣಿಗೆ ನಿಧಾನವಾಗಿದ್ದು ಕಂಡಿದೆ.

ಪ್ರಶ್ನೆ ಕೇಳಿದವರು: ಹಾಗಾದರೆ ಮೊಮ್ಮಕ್ಕಳು?

ಉತ್ತರ 1: ಅದಿನ್ನೂ ಇತ್ಯರ್ಥವಾಗಿಲ್ಲ. ಜಪಾನಿನಲ್ಲಿ ಮಕ್ಕಳು, ಮೊಮ್ಮಕ್ಕಳ ಸಮೀಕ್ಷೆ ಶುರುವಾಗಿದ್ದೇ 2021ರಲ್ಲಿ, ಅಂದರೆ ಅರ್ಧ ಶತಮಾನ ಕಳೆದ ಮೇಲೆ. ರೋಗಿ ಎಂದು ಒಪ್ಪಲು ರಕ್ತದಲ್ಲಿನ ವಿಷದ ಪ್ರಮಾಣಕ್ಕೆ ತುಂಬಾ ತೂಕ ಕೊಡುತ್ತಾರೆ. ಮುಂದಿನ ತಲೆಮಾರಿನಲ್ಲಿ ಅದು ಕಡಿಮೆ ಇದ್ದರೆ ಪರಿಹಾರ ಸಿಗುವುದು ಕಷ್ಟ. ನನ್ನ ಪ್ರಕಾರ ಇದು ಅನ್ಯಾಯ.