ಫ್ರೆಂಚ್ ಡ್ರಾಪ್: ನಾಣ್ಯ ಯಾವ ಕೈಲಿದೆ ಅಂತ ಗೊತ್ತಾಗಿಬಿಡುತ್ತೆ

ಪ್ರಶ್ನೆ: ಫ್ರೆಂಚ್ ಡ್ರಾಪ್ ಅಂದ್ರೆ ಎಡಗೈಲಿರೋ ನಾಣ್ಯವನ್ನು ಬಲಗೈಗೆ ತಗೊಂಡಂತೆ ನಟಿಸಿ, ಎಡಗೈಯಲ್ಲೇ ಉಳಿಸಿಕೊಳ್ಳೋ ಜಾದೂ. ನಾನು ಮಾಡಿದಾಗ ಹತ್ತು ರೂಪಾಯಿ ನಾಣ್ಯ ಎಡಗೈಯಲ್ಲೇ ಉಳಿದಿದೆ ಅಂತ ನೋಡುವವರು ತಕ್ಷಣ ಹೇಳ್ತಾರೆ. ಎಲ್ಲಿ ತಪ್ಪುತ್ತಿದೆ?

ಉತ್ತರ 1: ನಾಣ್ಯ ಬಿದ್ದಕೂಡಲೇ ಎಡಗೈ ಬಿಗಿಯಾಗ್ತಿರಬೇಕು. ಅಂಗೈ ಮೇಲ್ಮುಖವಾಗಿರಲಿ, ನಾಣ್ಯದ ಅಂಚನ್ನು ಹೆಬ್ಬೆರಳು, ನಡುಬೆರಳ ತುದಿಯಲ್ಲಿ ಹಿಡಿಯಿರಿ. ಬಲಗೈ ಹೆಬ್ಬೆರಳು ನಾಣ್ಯದ ಕೆಳಗೆ ತೂರಿ, ಉಳಿದ ಬೆರಳುಗಳು ಮುಂದೆ ಮರೆಯಾದ ಮೇಲಷ್ಟೇ ಎಡ ಹೆಬ್ಬೆರಳು ಸಡಿಲಿಸಿ. ನಾಣ್ಯ ನಡುಬೆರಳು, ಉಂಗುರಬೆರಳ ಬುಡಕ್ಕೆ ತಾನಾಗಿ ಬೀಳುತ್ತೆ. ಬೆರಳು ತುಸು ಬಾಗಿದ್ದರೆ ಸಾಕು, ಮುಷ್ಟಿ ಕಟ್ಟಬೇಡಿ.

ಉತ್ತರ 2: ಕೈಗಿಂತ ಕಣ್ಣೇ ಹೆಚ್ಚು ಬಿಟ್ಟುಕೊಡೋದು. ನೋಟ ಬಲಮುಷ್ಟಿಯ ಜೊತೆಗೇ ಹೋಗಲಿ. ಮೊದಲು ನಿಜವಾಗಿ ನಾಣ್ಯ ತಗೊಂಡು ಮೊಬೈಲಲ್ಲಿ ವಿಡಿಯೊ ಮಾಡಿ. ಸುಳ್ಳು ಚಲನೆ ಅದೇ ವೇಗದಲ್ಲಿ ಕಾಣಬೇಕು.

ಉತ್ತರ 3: 27 ಮಿ.ಮೀ. ಅಗಲದ ಹತ್ತು ರೂಪಾಯಿ ನಾಣ್ಯ ಅಭ್ಯಾಸಕ್ಕೆ ಚೆನ್ನಾಗಿದೆ. ಉಂಗುರ ತೆಗೆದಿಡಿ, ತಾಗಿದರೆ ಸದ್ದಾಗುತ್ತೆ. ಪಕ್ಕದಲ್ಲಿ, ಹಿಂದೆ ಯಾರನ್ನೂ ಕೂರಿಸಬೇಡಿ.