ಅಪ್‌ಡೇಟ್: ಗೇಟ್‌ವೇ ಹತ್ತಿರದ ನೋಡ್‌ಗಳ ಬ್ಯಾಟರಿ ಬೇಗ ಇಳಿಯುವುದು

ತಿಕೋಟಾ ಕಡೆಯ ದ್ರಾಕ್ಷಿ ಪಡದಲ್ಲಿ ಮಣ್ಣಿನ ತೇವ ಅಳೆದು ರೇಡಿಯೊದಲ್ಲಿ ಕಳಿಸುವ ಪುಟ್ಟ ಸಾಧನಗಳ (ನೋಡ್‌ಗಳ) ಪೈಕಿ ಗೇಟ್‌ವೇಗೆ (ಎಲ್ಲ ನೋಡ್‌ಗಳ ಮಾಹಿತಿ ಬಂದು ಸೇರುವ ಪೆಟ್ಟಿಗೆಗೆ) ಹತ್ತಿರದವೇ ಯಾಕೆ ಮೊದಲು ಬಂದ್ ಆಗುತ್ತವೆ ಎಂದು ಕೇಳಿದ್ದೆ. ಹಿಂದಿನ ಸಾಲುಗಳ ಮಾಹಿತಿ ಪ್ಯಾಕೆಟ್ಟೆಲ್ಲ ಅವುಗಳ ಮೂಲಕವೇ ಹಾಯುತ್ತದೆ ಎಂದು ಹೇಳಿದವರ ಮಾತು ಖರೆ, ಆದರೆ ಅರ್ಧ ಮಾತ್ರ.

ಬ್ಯಾಟರಿಯ ದೊಡ್ಡ ಖರ್ಚು ಇರುವುದು ರೇಡಿಯೊ ಸಿಗ್ನಲ್‌ಗಾಗಿ ಸುಮ್ಮನೆ ಕೇಳುತ್ತಾ ಕೂರುವುದರಲ್ಲಿ. ನೋಡ್‌ನಲ್ಲಿರುವ ಸಿಸಿ2420 ರೇಡಿಯೊ ಚಿಪ್ ಪೂರ್ಣ ಶಕ್ತಿಯಲ್ಲಿ (0 ಡಿಬಿಎಂ) ಕಳಿಸುವಾಗ 17.4 ಮಿಲಿಆಂಪ್ ಎಳೆದರೆ, ಕೇಳುವಾಗ 18.8. 2,500 ಎಂಎಎಚ್ ಸೆಲ್‌ಗಳು ಸದಾ ಕೇಳುತ್ತಿದ್ದರೆ ಐದೂವರೆ ದಿನಕ್ಕೆ ಖಲಾಸ್. ಶೇ 1ರಷ್ಟು ಹೊತ್ತು ಮಾತ್ರ ಎಚ್ಚರವಿದ್ದರೆ, ಬರೀ ರೇಡಿಯೊ ಲೆಕ್ಕದಲ್ಲಿ, ಒಂದೂವರೆ ವರ್ಷ. ಹಾಗಾಗಿ ಮೊದಲು ಕಾಂಟಿಕಿಮ್ಯಾಕ್ (ರೇಡಿಯೊವನ್ನು ಮಲಗಿಸಿ ಆಗಾಗ ಎಬ್ಬಿಸುವ ಪದ್ಧತಿ) ಹಾಕಿ ಸೆಕೆಂಡಿಗೆ 8 ಸಲ ಏಳುವಂತೆ ಮಾಡಿದ್ದಾಯಿತು. ರೂಟಿಂಗ್, ಅಂದರೆ ಪ್ಯಾಕೆಟ್ ಯಾವ ದಾರಿ ಹಿಡಿಯಬೇಕೆಂಬುದು, ಆಮೇಲಿನ ಮಾತು.

ಲೀಚ್ ಎಂಬ ರೂಟಿಂಗ್ ಪದ್ಧತಿ ಇಲ್ಲಿಗೆ ಒಗ್ಗುವುದಿಲ್ಲ. ಅದರಲ್ಲಿ ಕ್ಲಸ್ಟರ್ ಹೆಡ್ (ನೋಡ್‌ಗಳ ಗುಂಪಿನ ಮುಖ್ಯ ನೋಡ್) ನೇರ ಗೇಟ್‌ವೇಗೇ ಕಳಿಸಬೇಕು, ಉದ್ದನೆಯ ಪಡದಲ್ಲಿ ಸಿಗ್ನಲ್ ಅಷ್ಟು ದೂರ ಮುಟ್ಟದು. ಆರ್‌ಪಿಎಲ್ (ನೋಡ್‌ನಿಂದ ನೋಡ್‌ಗೆ ದಾಟಿಸುತ್ತಾ ಗೇಟ್‌ವೇ ಮುಟ್ಟಿಸುವ ಪದ್ಧತಿ) ಉಳಿಸಿಕೊಂಡು, ಪೇರೆಂಟ್ (ಪ್ಯಾಕೆಟ್ ಮುಂದೆ ದಾಟಿಸುವ ನೋಡ್) ಆರಿಸುವಾಗ ಇಟಿಎಕ್ಸ್ (ಒಂದು ಪ್ಯಾಕೆಟ್ ಮುಟ್ಟಿಸಲು ಎಷ್ಟು ಸಲ ಕಳಿಸಬೇಕೆಂಬ ಅಂದಾಜು) ಜೊತೆ ಉಳಿದ ಬ್ಯಾಟರಿಯನ್ನೂ ಸೇರಿಸಲಾಗಿದೆ. ಇಲ್ಲೊಂದು ತೊಡಕು: ಕಳಿಸುವ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಬಿಸಿಲು-ಚಳಿಗೂ ಬದಲಾಗುತ್ತದೆ. ಆ ಹಸಿ ಅಂಕಿಯನ್ನೇ ನಂಬಿದರೆ ನೋಡ್‌ಗಳು ಪೇರೆಂಟ್ ಬದಲಿಸುತ್ತಲೇ ಇರುತ್ತವೆ, ದಾರಿ ಹೊಂದಿಸುವ ಕಂಟ್ರೋಲ್ ಪ್ಯಾಕೆಟ್‌ಗಳೇ ಕರೆಂಟ್ ತಿನ್ನುತ್ತವೆ. ರೇಡಿಯೊ ಮಲಗಿದ್ದಾಗ ಅಳೆದು, ಸರಾಸರಿ ತೆಗೆದು, ಬ್ಯಾಟರಿಯನ್ನು ನಾಲ್ಕೇ ಹಂತಗಳಾಗಿ ಹಂಚಿ. ಪೇರೆಂಟ್ ಬದಲಾವಣೆಗೆ 1.5 ಇಟಿಎಕ್ಸ್ ಅಂತರ ಬೇಕೆಂಬ ಮಿತಿಯನ್ನು ಮುಟ್ಟಬೇಡಿ.

15 ನಿಮಿಷಕ್ಕೊಂದರಂತೆ ನಾಲ್ಕು ರೀಡಿಂಗ್ ಕೂಡಿಸಿ ಗಂಟೆಗೊಂದೇ ಪ್ಯಾಕೆಟ್. ಒಂದು ಸಲಕ್ಕೆ ಕಳಿಸಬಹುದಾದ 127 ಬೈಟಿನ ಫ್ರೇಮಿನಲ್ಲಿ ಆರಾಮ ಕೂರುತ್ತದೆ. ಗೇಟ್‌ವೇ ಅಂಚಿನಿಂದ ಪಡದ ನಡುವಿಗೆ ಬಂದಿದೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ನಂತರ ಎಲೆ ತುಂಬಿದರೆ 2.4 ಗಿಗಾಹರ್ಟ್ಸ್ ಸಿಗ್ನಲ್ ಸೊರಗುತ್ತದೆ, ಆಂಟೆನಾ ಚಪ್ಪರಕ್ಕಿಂತ ಮೇಲೇ ಇರಲಿ.